ಸ್ವಾತಂತ್ರ್ಯ, ಇಲ್ಲವೇ ಸಾವು, ಇಲ್ಲವೇ ಕರಡಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾರುಗಳ ನಂಬರ್ ಪ್ಲೇಟ್ ಮೇಲೆ ಒಂದು ಘೋಷಣೆ ಇರುತ್ತದೆ: 'ಬದುಕಿದರೆ ಸ್ವತಂತ್ರವಾಗಿ ಬದುಕು, ಇಲ್ಲಾಂದ್ರೆ ಸಾಯಿ'. 1971ಕ್ಕೆ ಮುಂಚೆ ಆ ಜಾಗದಲ್ಲಿ 'ರಮಣೀಯ' ಅಂತ ಇತ್ತು. ಬನ್ನಿ, ಬೆಟ್ಟ ನೋಡಿ, ಕೆರೆ ನೋಡಿ ಅಂತ ಕರೆಯುತ್ತಿದ್ದ ರಾಜ್ಯ ಇದ್ದಕ್ಕಿದ್ದಂತೆ ಸಾಯಿ ಅನ್ನತೊಡಗಿತು. ಈ ಸ್ವಾತಂತ್ರ್ಯದ ಪ್ಲೇಟುಗಳನ್ನು ಮಾಡುವವರು ಯಾರು ಗೊತ್ತಾ? ಕಾಂಕರ್ಡ್‌ನ ಜೈಲಿನಲ್ಲಿರುವ ಕೈದಿಗಳು.

ಜಾರ್ಜ್ ಮೇನಾರ್ಡ್ ಅನ್ನುವವನಿಗೆ ಆ 'ಸಾಯಿ' ಹಿಡಿಸಲಿಲ್ಲ. ಅವನ ಧಾರ್ಮಿಕ ನಂಬಿಕೆಗೆ ಅದು ಒಗ್ಗುತ್ತಿರಲಿಲ್ಲ. ಸುಮ್ನೆ ಒಂದು ತುಂಡು ಟೇಪ್ ತಂದು ಅದರ ಮೇಲೆ ಅಂಟಿಸಿದ. ಪೊಲೀಸರು ಹಿಡಿದರು, ಕೋರ್ಟು ದಂಡ ಹಾಕಿತು. ಕಟ್ಟಲ್ಲ ಅಂದ. 15 ದಿನ ಜೈಲಾಯಿತು. ಆಗ ಆ ರಾಜ್ಯ ಆಳುತ್ತಿದ್ದವರು ಮೆಲ್ಡ್ರಿಮ್ ಥಾಮ್ಸನ್, ಪಕ್ಕಾ ಕನ್ಸರ್ವೇಟಿವ್, ಅಂದರೆ ಸಂಪ್ರದಾಯವಾದಿ, 'ತೆರಿಗೆಗೆ ಕೊಡಲಿ ಹಾಕಿ' ಅಂತ ಹೇಳಿ ಗೆದ್ದವರು. ಕೊಡಲಿ ತೆರಿಗೆಗೆ ಮಾತ್ರ, ಟೇಪ್ ಅಂಟಿಸಿದರೆ ಕೋಳ. ಕೊನೆಗೆ 1977ರಲ್ಲಿ ಸುಪ್ರೀಂ ಕೋರ್ಟು ಮೇನಾರ್ಡ್ ಪರ ನಿಂತು, ಬೇಡ ಅನ್ನುವವನ ಕಾರಿನ ಮೇಲೆ ಸರ್ಕಾರ ತನ್ನ ಘೋಷಣೆ ಹೊರಿಸುವ ಹಾಗಿಲ್ಲ ಎಂದಿತು.

ಅಮೆರಿಕದಲ್ಲಿ ಕನ್ಸರ್ವೇಟಿವ್‌ಗೂ, ಸರ್ಕಾರ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು ಅನ್ನುವ ಲಿಬರ್ಟೇರಿಯನ್‌ಗೂ ಏನು ವ್ಯತ್ಯಾಸ ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ, ಅಳಿಯ ಅಲ್ಲ ಮಗಳ ಗಂಡ, ಅಷ್ಟೇ ಅನ್ನುತ್ತಾರೆ. ಅವರ ತಪ್ಪೂ ಅಲ್ಲ. ಕನ್ಸರ್ವೇಟಿವ್ ಚಿಂತನೆಯ ಜೀವಾಳವೇ ಲಿಬರ್ಟೇರಿಯನ್ ಚಿಂತನೆ ಅಂತ 1975ರಲ್ಲಿ ರೊನಾಲ್ಡ್ ರೇಗನ್ ಅವರೇ ಹೇಳಿದ್ದರು. ಆರೇ ವರ್ಷ ಕಳೆದು, ರೇಗನ್ ಅಧ್ಯಕ್ಷರಾದ ವರ್ಷವೇ, ಕನ್ಸರ್ವೇಟಿವ್‌ಗಳ ಗುರು ರಸೆಲ್ ಕರ್ಕ್ ಈ ಲಿಬರ್ಟೇರಿಯನ್‌ಗಳನ್ನು ಚಿಲಿಪಿಲಿ ಮಾಡುವ ಪಂಗಡದವರು ಅಂತ ಜರೆದು ಲೇಖನ ಬರೆದರು. ಬೀಗರ ಮನೆ ಊಟದಲ್ಲಿ ಪಾಯಸದ ತನಕ ಎಲ್ಲ ಸರಿ ಇರುತ್ತದಲ್ಲ, ಹಾಗೆ. ತೆರಿಗೆ ಕಮ್ಮಿ ಆಗಬೇಕು ಅನ್ನುವವರೆಗೆ ಇಬ್ಬರೂ ಒಂದೇ ಪಂಕ್ತಿ. ಎಲೆ ಎತ್ತುವ ಹೊತ್ತಿಗೆ ಶುರು.

ಕನ್ಸರ್ವೇಟಿವ್ ಸರ್ಕಾರಕ್ಕೆ ಹೇಳುವುದು ಇಷ್ಟು: ನನ್ನ ಜೇಬಿಗೆ ಕೈ ಹಾಕಬೇಡ, ಹಾಗೇ ಪಕ್ಕದ ಮನೆಯವನ ಲೋಟದಲ್ಲಿ ಏನಿದೆ ಸ್ವಲ್ಪ ನೋಡಿಕೊಂಡು ಬಾ. ಇಂಡಿಯಾನಾ ರಾಜ್ಯವನ್ನು ನೋಡಿ. ಅಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯವನು ಬಿಯರ್ ಮಾರಬಹುದು, ತಣ್ಣಗೆ ಮಾಡಿ ಮಾರುವ ಹಾಗಿಲ್ಲ. ತಣ್ಣಗಿದ್ದದ್ದು ಬೇಕು ಅಂದರೆ ಮದ್ಯದಂಗಡಿಗೇ ಹೋಗಬೇಕು. ಫ್ರಿಜ್ಜಿನ ಬಾಗಿಲಲ್ಲಿ ಶೀಲ ಕಾಯುವುದು ಅಂದರೆ ಇದೇ ಇರಬೇಕು. ಫ್ಲೋರಿಡಾದ್ದು ಇನ್ನೂ ಚೆಂದ. ನಮ್ಮದು ಸ್ವತಂತ್ರ ರಾಜ್ಯ ಅಂತ ಹಗಲೂ ರಾತ್ರಿ ಹೇಳುವ ಗವರ್ನರ್ ರಾನ್ ಡಿಸ್ಯಾಂಟಿಸ್, 2024ರ ಮೇ ತಿಂಗಳಲ್ಲಿ ಲ್ಯಾಬಿನಲ್ಲಿ ಬೆಳೆಸಿದ ಮಾಂಸ ಮಾರುವುದನ್ನೇ ನಿಷೇಧಿಸಿದರು. ದನ ಸಾಕುವವರ ವ್ಯಾಪಾರಕ್ಕೆ ಪೈಪೋಟಿ ಬರಬಾರದಲ್ಲ! ಮುಕ್ತ ಮಾರುಕಟ್ಟೆ ದನದ ಕೊಟ್ಟಿಗೆಯವರೆಗೆ ಬಂದು ಚಪ್ಪಲಿ ಬಿಟ್ಟು ನಿಲ್ಲುತ್ತದೆ. 2025ರ ಆಗಸ್ಟಿನಲ್ಲಿ ಟ್ರಂಪ್ ಸರ್ಕಾರ ಇಂಟೆಲ್ ಕಂಪನಿಯ ಸುಮಾರು 10 ಪರ್ಸೆಂಟ್ ಷೇರು ತೆಗೆದುಕೊಂಡಿತು. ಇದನ್ನೇ ಬೇರೆ ಪಕ್ಷದವರು ಮಾಡಿದ್ದರೆ ಸಮಾಜವಾದ ಬಂತು, ಓಡಿ ಓಡಿ ಅನ್ನುತ್ತಿದ್ದರು.

ಲಿಬರ್ಟೇರಿಯನ್ ಹೀಗಲ್ಲ. ಅವನು ಪ್ರಾಮಾಣಿಕ. ನಿನ್ನ ಲೋಟ, ನಿನ್ನ ಗಾಂಜಾ, ನಿನ್ನ ಹಾಸಿಗೆ, ನಿನ್ನ ಬಂದೂಕು, ಯಾವುದಕ್ಕೂ ಸರ್ಕಾರ ಬೇಡ ಅನ್ನುತ್ತಾನೆ. ಇಲ್ಲಿಯವರೆಗೆ ನನಗೂ ಅವನ ಮೇಲೆ ಪ್ರೀತಿಯೇ. ಆಮೇಲೆ ಅವನು, ರಸ್ತೆ, ಶಾಲೆ, ಕಸದ ಗಾಡಿಗೂ ಬೇಡ ಅಂತ ಮುಂದುವರಿಸುತ್ತಾನೆ. ಅಲ್ಲಿಗೆ ನಾನು ಮೆಲ್ಲಗೆ ಕುರ್ಚಿ ಹಿಂದೆ ಸರಿಸುತ್ತೇನೆ.

2016ರಲ್ಲಿ ಒರ್ಲಾಂಡೊದಲ್ಲಿ ಲಿಬರ್ಟೇರಿಯನ್ ಪಕ್ಷದ ಸಮಾವೇಶ. ಅಧ್ಯಕ್ಷ ಹುದ್ದೆಗೆ ನಿಲ್ಲಲು ಬಯಸಿದವರನ್ನೆಲ್ಲ ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಕಾರು ಓಡಿಸಲು ಸರ್ಕಾರದ ಲೈಸೆನ್ಸ್ ಬೇಕಾ? ಒಬ್ಬ ಸಿಡಿದೆದ್ದ. ನಾಳೆ ನಮ್ಮನೆ ಟೋಸ್ಟರಿನಲ್ಲಿ ಬ್ರೆಡ್ ಸುಡೋಕೂ ಲೈಸೆನ್ಸ್ ಕೇಳ್ತೀರಾ ಅಂದ. ಸಭೆಗೆ ಖುಷಿಯೋ ಖುಷಿ. ಆಮೇಲೆ ಗ್ಯಾರಿ ಜಾನ್ಸನ್ ಸರದಿ. ಎರಡು ಅವಧಿ ನ್ಯೂ ಮೆಕ್ಸಿಕೊ ಗವರ್ನರ್ ಆಗಿದ್ದ ಮನುಷ್ಯ. ರಸ್ತೆಗೆ ಇಳಿಯುವ ಮುಂಚೆ ಓಡಿಸಲು ಬರುತ್ತದೆ ಅಂತ ಸ್ವಲ್ಪ ತೋರಿಸಿದರೆ ಒಳ್ಳೆಯದು ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಸಭೆ ಹೋ ಅಂತ ಕೂಗಿ ಹೀಯಾಳಿಸಿತು. ಅದೇ ಸಮಾವೇಶದಲ್ಲಿ, ಪಕ್ಷದ ಚುಕ್ಕಾಣಿ ಹಿಡಿಯಲು ನಿಂತಿದ್ದ ಇನ್ನೊಬ್ಬ ವೇದಿಕೆ ಮೇಲೇ ಬಟ್ಟೆ ಬಿಚ್ಚಿ ಚಡ್ಡಿಯಲ್ಲಿ ಕುಣಿದ. ಟೀವಿಯಲ್ಲಿ ನೇರ ಪ್ರಸಾರ. ನಮ್ಮ ಶಾಸಕರು ರೆಸಾರ್ಟಿನಲ್ಲಿ ಬಾಗಿಲು ಹಾಕಿಕೊಂಡಾದರೂ ಇರುತ್ತಾರೆ.

ಆ ವರ್ಷ ಜಾನ್ಸನ್‌ಗೆ ಸುಮಾರು 45 ಲಕ್ಷ ಓಟು ಬಿತ್ತು, ಅಂದರೆ 3 ಪರ್ಸೆಂಟ್ ಚಿಲ್ಲರೆ. ಅದೇ ಆ ಪಕ್ಷದ ದಾಖಲೆ. 2024ರಲ್ಲಿ ಟ್ರಂಪ್ ಇವರ ಸಮಾವೇಶಕ್ಕೇ ಬಂದು ಓಟು ಕೇಳಿದರು. ಜನ ಬೊಬ್ಬೆ ಹಾಕಿದ್ದಕ್ಕೆ, ಹಾಗಾದ್ರೆ ನಾಲ್ಕು ವರ್ಷಕ್ಕೊಮ್ಮೆ ನಿಮ್ಮ 3 ಪರ್ಸೆಂಟ್ ತಗೊಂಡು ಹಾಗೇ ಇರಿ ಅಂತ ಚುಚ್ಚಿ ಹೋದರು. ಆ ಸಲ ಲಿಬರ್ಟೇರಿಯನ್ ಪಕ್ಷಕ್ಕೆ ಅರ್ಧ ಪರ್ಸೆಂಟೂ ದಾಟಲಿಲ್ಲ.

ಓಟಿನಿಂದ ಆಗದ್ದನ್ನು ಸಾಮಾನು ಸಾಗಿಸಿ ಮಾಡೋಣ ಅಂತ ಕೆಲವರು ಮೊದಲೇ ಹೊರಟಿದ್ದರು. ದೇಶದಾದ್ಯಂತ ಚದುರಿದ 20,000 ಲಿಬರ್ಟೇರಿಯನ್‌ಗಳು ಒಂದೇ ಚಿಕ್ಕ ರಾಜ್ಯಕ್ಕೆ ಹೋಗಿ ನೆಲೆಸುವುದು ಅನ್ನುವ ಯೋಜನೆ. ಆರಿಸಿದ್ದು ಇದೇ 'ಸಾಯಿ' ರಾಜ್ಯ. ಅವರಲ್ಲೇ ತೀರಾ ಉತ್ಸಾಹಿಗಳು 2004ರಲ್ಲಿ ಗ್ರಾಫ್ಟನ್ ಅನ್ನುವ ಊರನ್ನು ಹಿಡಿದರು. ಸಾವಿರ ಚಿಲ್ಲರೆ ಜನ, ಸುತ್ತ ಕಾಡು, ಮನೆ ಎಲ್ಲಿ ಹೇಗೆ ಕಟ್ಟಬೇಕು ಅನ್ನುವ ನಿಯಮವೇ ಇಲ್ಲ. ಊರಸಭೆಯಲ್ಲಿ ಕೈ ಎತ್ತಿ ಎತ್ತಿ ಖರ್ಚು ಕತ್ತರಿಸಿದರು. ಕಸ ಹೇಗೆ ಇಡಬೇಕು ಅಂತ ಹೇಳಲು ನೀನ್ಯಾರು? ಕರಡಿಗೆ ತಿಂಡಿ ಹಾಕಬೇಡ ಅನ್ನಲು ನೀನ್ಯಾರು? ಹೀಗೆ ಕೇಳುವವರ ಊರಿಗೆ ಕರಡಿಗಳು ಬಂದವು. ಅವು ತತ್ವ ಓದಿರಲಿಲ್ಲ, ಡಬ್ಬ ಮಾತ್ರ ಮಗುಚಿದವು. 2012ರಲ್ಲಿ ಒಂದು ಕರಡಿ ಮಹಿಳೆಯೊಬ್ಬರ ಮೇಲೆ ಎರಗಿತು. ಆಗ ನೋಡಿ, ಕರೆದದ್ದು ಸರ್ಕಾರದವರನ್ನೇ. ಕರಡಿ ತಾನು ಯಾರ ಆಸ್ತಿಗೆ ಕಾಲಿಟ್ಟೆ ಅಂತ ಒಪ್ಪಂದ ನೋಡುವುದಿಲ್ಲವಲ್ಲ.

ಅದೇ ರಾಜ್ಯದ ಕ್ರಾಯ್ಡನ್‌ನಲ್ಲಿ 2022ರ ಮಾರ್ಚ್, ಹಿಮ ಬೀಳುತ್ತಿದ್ದ ದಿನ. ಊರಸಭೆಗೆ ಬಂದವರೇ ಬೆರಳೆಣಿಕೆ. ಒಬ್ಬರು ಎದ್ದು, ಶಾಲೆಗೆ 17 ಲಕ್ಷ ಡಾಲರ್ ಯಾಕೆ, 8 ಲಕ್ಷ ಸಾಕು ಅಂದರು. 20ಕ್ಕೆ 14ರಲ್ಲಿ ಪಾಸ್! ಮನೆಯಲ್ಲಿ ಬೆಚ್ಚಗೆ ಕೂತಿದ್ದ ಊರಿಗೆ ಮರುದಿನ ಜ್ಞಾನೋದಯ. ಅರ್ಧ ಮತದಾರರು ಬಂದರೆ ಮಾತ್ರ ತೀರ್ಮಾನ ಬದಲಿಸಬಹುದು ಅಂತ ನಿಯಮ. ಮೇ ತಿಂಗಳಲ್ಲಿ ಮತ್ತೆ ಸಭೆ ಸೇರಿದರು. ಹಣ ವಾಪಸ್ ಬೇಕು ಅಂದವರು 377, ಬೇಡ ಅಂದವರು 2.

ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ಹತ್ತಿರ ಇರುವ ನನ್ನ ಗೆಳೆಯನೊಬ್ಬ ಇದ್ಯಾವ ತಲೆನೋವನ್ನೂ ಹಚ್ಚಿಕೊಂಡವನಲ್ಲ. ನೀನು ಕನ್ಸರ್ವೇಟಿವ್ವಾ ಲಿಬರ್ಟೇರಿಯನ್ನಾ ಅಂತ ಕೇಳಿದೆ. "ಮಾರಾಯ, ಇಲ್ಲಿ ಟೀವಿ ತಗೊಂಡ್ರೆ 6.25 ಪರ್ಸೆಂಟ್ ತೆರಿಗೆ, ಗಡಿ ದಾಟಿದ್ರೆ ಸೊನ್ನೆ. ನಂದು ಗಡಿ ದಾಟೋ ಪಕ್ಷ" ಅಂದ. ಹಾಗೆ ಒಂದು ಶನಿವಾರ ನನ್ನನ್ನೂ ನ್ಯೂ ಹ್ಯಾಂಪ್‌ಶೈರ್‌ಗೆ ಕರೆದುಕೊಂಡು ಹೋದ. ದೊಡ್ಡವರಿಗೆ ಸೀಟ್ ಬೆಲ್ಟ್ ಕಡ್ಡಾಯ ಅಲ್ಲದ ಏಕೈಕ ರಾಜ್ಯ ಅದು. ಗಡಿ ಬಂದದ್ದೇ ಟಕ್ ಅಂತ ಬೆಲ್ಟ್ ಬಿಚ್ಚಿದ. ಎಂಥಾ ಸ್ವಾತಂತ್ರ್ಯ ಅಂದುಕೊಂಡೆ.

ಹೆದ್ದಾರಿ ಪಕ್ಕದಲ್ಲೇ ದೊಡ್ಡ ಮದ್ಯದಂಗಡಿ. ಯಾರದ್ದು ಅಂತ ಕೇಳಿದರೆ, ಸರ್ಕಾರದ್ದು! ಈ ರಾಜ್ಯದಲ್ಲಿ ವಿಸ್ಕಿ, ರಮ್ ಬಾಟಲಿ ಬೇಕು ಅಂದರೆ ಹೆಚ್ಚೂಕಮ್ಮಿ ಎಲ್ಲ ಕಡೆ ಸರ್ಕಾರಿ ಮಳಿಗೆಯೇ ಗತಿ. 1934ರಿಂದ ನಡೆದುಬಂದ ಪದ್ಧತಿ. ವರ್ಷಕ್ಕೆ 70 ಕೋಟಿ ಡಾಲರಿಗೂ ಜಾಸ್ತಿ ವ್ಯಾಪಾರ. ನಮ್ಮ ಎಂಎಸ್‌ಐಎಲ್ ಪಕ್ಕದಲ್ಲಿ ಖಾಸಗಿ ವೈನ್ ಶಾಪಾದರೂ ಇರುತ್ತದೆ. ತೆರಿಗೆ ಬೇಡ ಅನ್ನುವ ಕನ್ಸರ್ವೇಟಿವ್‌ಗೆ ಈ ಅಂಗಡಿ ಬೇಕು, ಆದಾಯ ಬರುತ್ತದೆ. ಸರ್ಕಾರವೇ ಬೇಡ ಅನ್ನುವ ಲಿಬರ್ಟೇರಿಯನ್‌ಗೂ ಅಲ್ಲೇ ಕ್ಯೂ, ರೇಟು ಕಮ್ಮಿ.

ಕೌಂಟರಿನಲ್ಲಿದ್ದ ಹುಡುಗಿ ಗೆಳೆಯನ ಬೋಳುತಲೆ ನೋಡಿಯೂ, ವಯಸ್ಸಿಗೆ ಪುರಾವೆ ಕೊಡಿ ಸರ್ ಅಂದಳು. ಡ್ರೈವಿಂಗ್ ಲೈಸೆನ್ಸ್ ತೆಗೆದು ತೋರಿಸಿದ.

ವಾಪಸ್ ಬಂದು ಎರಡು ಬಾಟಲಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ಒಡೆದು ಗಿಡೆದು ಹೋದಾವು ಅಂತ ಅವಕ್ಕೆ ಬೆಲ್ಟ್ ಹಾಕಿದ. ತಾನು ಹಾಗೇ ಕೂತು ಗಾಡಿ ಬಿಟ್ಟ. ಮ್ಯಾಸಚೂಸೆಟ್ಸ್ ಬೋರ್ಡ್ ಕಂಡಾಗ, ಅಯ್ಯೋ ಬಂತಲ್ಲ ಅಂತ ತನಗೂ ಹಾಕಿಕೊಂಡ.