ಕುಮ್ಕಿ ಗೊತ್ತಿಲ್ಲದ ಜೂನಿಯರ್

ವಕೀಲರು ಎಐ ಬಳಸುವ ಬಗೆಗಿನ ಲೇಖನವೊಂದನ್ನು ಓದಿದೆ. ಜೂನಿಯರ್ (ಕೈಕೆಳಗಿನ ಕಿರಿಯ ವಕೀಲ) ಸಿಗದ ತಾಲೂಕು ವಕೀಲರಿಗೆ ಎಐ ಆ ಕೊರತೆ ನೀಗಿಸುತ್ತದೆ ಎಂದು ಅದರ ಲೇಖಕರು ಬರೆದಿದ್ದಾರೆ. ಕಾರ್ಕಳ, ಬೆಳ್ತಂಗಡಿ ಕಡೆಯ ಜಾಗದ ತಕರಾರಿಗೆ ಅದು ಅಷ್ಟು ಸುಲಭವಲ್ಲ. ಕುಮ್ಕಿಯನ್ನೇ ನೋಡಿ. ಅದು ವರ್ಗ ಜಾಗಕ್ಕೆ, ಅಂದರೆ ಖಾತೆದಾರರ ಸ್ವಂತ ಕೃಷಿ ಜಾಗಕ್ಕೆ ತಾಗಿದ ಸರ್ಕಾರಿ ಭೂಮಿ. ಸೊಪ್ಪು, ಸೌದೆ, ಮೇವಿನಂಥ ಸವಲತ್ತು ಮಾತ್ರ ವರ್ಗದಾರರದ್ದು. ಭೂಕಂದಾಯ ಕಾಯ್ದೆಯ ಸೆಕ್ಷನ್ 79 ಉಳಿಸಿಕೊಟ್ಟಿರುವುದೂ ಅಷ್ಟನ್ನೇ. ಎಐ ಅದನ್ನು ಸ್ವಂತ ಆಸ್ತಿ ಎಂದುಕೊಂಡು ಮಾಲಕತ್ವ ಘೋಷಣೆಯ ದಾವೆ ಬರೆದುಕೊಟ್ಟರೆ ಓದಲು ಚಂದ, ಬುಡವೇ ಇಲ್ಲ. ತುಳುನಾಡಿನ ಅಳಿಯಕಟ್ಟನ್ನು (ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ) ಅದನ್ನೇ ಹೋಲುವ ಕೇರಳದ ಮರುಮಕ್ಕತ್ತಾಯದ ಜೊತೆ ಕಲಸುವುದೂ ಉಂಟು.

ಸೆಕ್ಷನ್ ನಂಬರ್ ಇನ್ನೊಂದು ಗುಂಡಿ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್‌ನಲ್ಲಿ ಅದೇ 482 ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಹಳೆ ತೀರ್ಪುಗಳನ್ನೇ ಹೆಚ್ಚು ಓದಿದ ಯಂತ್ರ ಎರಡನ್ನೂ ಬೆರೆಸುತ್ತದೆ. ಅದು ಉಲ್ಲೇಖಿಸಿದ ತೀರ್ಪನ್ನು ಇ-ಎಸ್‌ಸಿಆರ್ (ಸುಪ್ರೀಂ ಕೋರ್ಟ್ ತೀರ್ಪುಗಳ ಜಾಲತಾಣ) ಅಥವಾ ಹೈಕೋರ್ಟ್ ಜಾಲತಾಣದಲ್ಲಿ ತೆರೆದು ಪ್ಯಾರಾ ಓದಿ, ಬರೇ ಹೆಸರು ನೋಡಿದರೆ ಆಗದು. ಸಿಗದಿದ್ದರೆ ಬಿಟ್ಟುಬಿಡಿ.

ಕಕ್ಷಿದಾರರ ಆರ್‌ಟಿಸಿ, ಪಾಲುಪಟ್ಟಿಯ ಫೋಟೊ ಹಾಗೇ ಎಐಗೆ ಏರಿಸುವುದು ಬೇಡ ಮಾರಾಯ್ರೆ. ಹಳ್ಳಿ ಕೇಸಿನಲ್ಲಿ ಹೆಸರು ತೆಗೆದರೆ ಸಾಲದು: ಮನೆ ಹೆಸರು, ಸರ್ವೆ ನಂಬರ್, ಚೆಕ್ಕುಬಂದಿಯಲ್ಲಿ (ಜಾಗದ ಗಡಿ ವಿವರ) ಬರುವ ದೈವಸ್ಥಾನ, ಇಷ್ಟಿದ್ದರೆ ಊರಿಗೆಲ್ಲ ಗುರುತು. ವಾದಿ 1, ಜಾಗ 'ಅ' ಎಂದು ಮೊದಲೇ ಬದಲಿಸಿ, ಕರಡು ಬಂದ ಮೇಲೆ ಕೈಯಾರೆ ತುಂಬಿ.

ಹತ್ತು ನಿಮಿಷದ ಕರಡಿಗೆ ಎರಡು ದಿನದ ಫೀಸು ಹಾಕುವ ವಿಷಯವನ್ನು ಮಾತ್ರ ಲೇಖಕರು ಮುಟ್ಟಲೇ ಇಲ್ಲ.