ಮೊಳೆ ಹೊಡೆಯುವ ಮುನ್ನ ಗೋಡೆ ಎಲ್ಲಿದೆ ನೋಡಿ

ಅಮೆರಿಕದಲ್ಲಿ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಯ ಮನೆಗಳಾದ ಟ್ರಾವೆಲ್ ಟ್ರೇಲರುಗಳಲ್ಲಿ ಬಹುಪಾಲು ಇಂಡಿಯಾನಾದ ಎಲ್ಕ್‌ಹಾರ್ಟ್ ಊರಿನ ಸುತ್ತಮುತ್ತ ತಯಾರಾಗುತ್ತವೆ. ಅಲ್ಲಿಯವರಿಗೆ ಬಣ್ಣಗಳ ಮೇಲೆ ಹಗೆಯೇನೂ ಇಲ್ಲ ಎಂದೇ ನಂಬೋಣ. ಆದರೂ ಒಳಗೆ ಕಾಲಿಟ್ಟರೆ ಹುರಿಗಡಲೆ ಬಣ್ಣದ ಗೋಡೆ, ಡಿಕಾಕ್ಷನ್ ಬಣ್ಣದ ಕಪಾಟು, ಮಳೆ ಬರುವ ಮುಂಚಿನ ಮೋಡದ ಬಣ್ಣದ ನೆಲ. ಅಲಂಕರಿಸಲು ಕೊಂಡವರ ಕೈ ತುರಿಸುವುದು ಸಹಜ. ಕನ್ನಡದ ಮನೆಯಾದರಂತೂ ಪಟ್ಟಿ ಹೊರಡುವ ಮೊದಲೇ ಸಿದ್ಧ: ಬಾಗಿಲಿಗೆ ತೋರಣ, ಕಿಟಕಿಗೆ ಅಜ್ಜಿಯ ಇಳಕಲ್ ಸೀರೆಯ ಪರದೆ, ಗೋಡೆಗೆ ಯಕ್ಷಗಾನದ ಮುಖ, ಮೂಲೆಯಲ್ಲೊಬ್ಬ ಗಣಪ.

ಇವೆಲ್ಲ ಆಗುವಂಥವೇ. ಮನೆ ಅಂದುಕೊಂಡು ಕೈಹಾಕಿದರೆ ಮಾತ್ರ ಕೆಡುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಟ್ರೇಲರಿನೊಳಗೆ ಬಿಡುವಿಲ್ಲದ ಭೂಕಂಪ. ಅರಿಜೋನಾದ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದರೆ ಅದೇ ಇಡ್ಲಿ ಪಾತ್ರೆ. ಮಿನ್ನೆಸೋಟದ ಜನವರಿಯಲ್ಲಿ ಐಸ್ ಪೆಟ್ಟಿಗೆ. ಇಷ್ಟನ್ನೂ ತಡೆದುಕೊಂಡದ್ದು ಅಲಂಕಾರ, ತಡೆಯದ್ದು ಮುಂದಿನ ನಿಲ್ದಾಣದಲ್ಲಿ ಪೊರಕೆಗೆ ಸಿಗುವ ಸಾಮಾನು.

ಮೊದಲು ಗೋಡೆಯನ್ನೇ ನೋಡಿ. ತಟ್ಟಿದರೆ ಖಾಲಿ ಡಬ್ಬದ ಸದ್ದು ಬರುತ್ತದಲ್ಲ, ಆ ಸದ್ದು ಸತ್ಯವನ್ನೇ ಹೇಳುತ್ತಿದೆ. ಒಳಮೈ ಅಂದರೆ ಎಂಟನೇ ಒಂದು ಇಂಚು, ಸುಮಾರು 3 ಮಿಲಿಮೀಟರ್ ದಪ್ಪದ ಲುವಾನ್ ಪ್ಲೈವುಡ್. ಅದರ ಮೇಲೆ ಚಿತ್ತಾರ ಮುದ್ರಿಸಿದ ವಿನೈಲ್ ಪೊರೆ. ಹಿಂದೆ ಒಂದೂವರೆ ಇಂಚಿನ ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಸಂದಿಯಲ್ಲಿ ಫೋಮ್ ಇಲ್ಲವೇ ಗಾಜಿನ ನಾರು, ಆಚೆಗೆ ತಗಡು ಅಥವಾ ಫೈಬರ್‌ಗ್ಲಾಸ್ ಹಾಳೆ. ಎಲ್ಲ ಸೇರಿದರೂ ಎರಡು ಇಂಚು ದಾಟುವುದು ಅಪರೂಪ. ಬೆಂಗಳೂರಿನ ಇಟ್ಟಿಗೆ ಗೋಡೆಯ ಧೈರ್ಯದಲ್ಲಿ ಎರಡೂವರೆ ಇಂಚಿನ ಸ್ಕ್ರೂ ತಿರುಗಿಸಿದರೆ ಒಳಗೊಂದು ಚಿತ್ರ ನೇತುಹಾಕಬಹುದು, ಹೊರಗೆ ಅದೇ ಸ್ಕ್ರೂವಿನ ಮೊನೆಗೆ ಒದ್ದೆ ಟವೆಲ್ ಒಣಹಾಕಬಹುದು. ಮುಂದಿನ ಮಳೆಗೆ ಆ ತೂತಿನಿಂದ ಇಳಿದ ನೀರು ಪ್ಲೈವುಡ್ಡನ್ನು ಒಳಗಿನಿಂದ ಕೊಳೆಸುತ್ತದೆ. ಗೋಡೆ ಮೆತ್ತಗಾಗಿ ಉಬ್ಬಿದಾಗಲೇ ವಿಷಯ ಗೊತ್ತಾಗುವುದು.

ಮುಕ್ಕಾಲು ಇಂಚಿನ ಸ್ಕ್ರೂ ಸಾಕು, ಅದೂ ಚೌಕಟ್ಟಿಗೆ ಸಿಕ್ಕಿದರೆ. ಬರೀ ಪ್ಲೈವುಡ್ಡಿಗೆ ಹಾಕಿದ್ದು ಐವತ್ತು ಮೈಲಿಯೊಳಗೆ ತಾನೇ ಸಡಿಲಾಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಆ್ಯಂಕರುಗಳು ಅರ್ಧ ಇಂಚಿನ ಜಿಪ್ಸಂ ಗೋಡೆಗೆಂದು ಹುಟ್ಟಿದವು. ಇಲ್ಲಿ ಕಚ್ಚಿಕೊಳ್ಳಲು ದಪ್ಪವೇ ಸಾಲದೆ ಗಿರಗಿಟ್ಟಲೆಯಂತೆ ಸುತ್ತುತ್ತವೆ. ಮರದ ಚೌಕಟ್ಟಿದ್ದರೆ ಒಂದು ಬಲವಾದ ಅಯಸ್ಕಾಂತವನ್ನು ಗೋಡೆಯ ಮೇಲೆ ನಿಧಾನವಾಗಿ ಎಳೆಯಿರಿ. ಪ್ಲೈವುಡ್ಡನ್ನು ಹಿಡಿದಿರುವ ಸ್ಟೇಪಲ್ ಪಿನ್ನುಗಳ ಮೇಲೆ ಅದು ತಡೆಯುತ್ತದೆ, ಅಲ್ಲೇ ಮರ. ಅಲ್ಯೂಮಿನಿಯಂ ಚೌಕಟ್ಟಿನ ಅಂಟಿಸಿದ ಗೋಡೆಯಾದರೆ ಅಯಸ್ಕಾಂತ ಊರೆಲ್ಲ ತಿರುಗಿ ಬರಿಗೈಯಲ್ಲಿ ಬರುತ್ತದೆ. ಆಗ ಮೇಲಿನ ಕಪಾಟಿನ ಮುಖದ ಮರದ ಪಟ್ಟಿಯನ್ನು ಆಶ್ರಯಿಸುವುದೇ ಕ್ಷೇಮ. ಸ್ವಿಚ್ಚು, ಸಾಕೆಟ್ಟುಗಳ ನೇರಕ್ಕೆ ಮೇಲೆ ಕೆಳಗೆ ಎಲ್ಲೂ ಕೊರೆಯಬೇಡಿ. ಕೊರೆಯುವ ಮುಂಚೆ ಹೊರಗಿನ ವಿದ್ಯುತ್ ಕಿತ್ತು, ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ. ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಹಳೆಯ ಕೊಕ್ಕೆ ಬಿಚ್ಚಲು ಹೋದರೆ ಕೈಯಲ್ಲಿರುವ ಸ್ಕ್ರೂಡ್ರೈವರ್ ಕೂರುವುದೇ ಇಲ್ಲ. ಟ್ರೇಲರಿನ ಸ್ಕ್ರೂಗಳ ತಲೆಯಲ್ಲಿ ಸಾಮಾನ್ಯವಾಗಿ ಚೌಕಾಕಾರದ ಗುಳಿ ಇರುತ್ತದೆ. 2ನೇ ನಂಬರಿನ ಚೌಕದ ಬಿಟ್ ಬೇಕು, ಅಲ್ಲಲ್ಲಿ 1ನೇ ನಂಬರಿನದು. ಆ ಅರ್ಧ ಬೆರಳುದ್ದದ ತುಂಡಿಗಾಗಿ ಶನಿವಾರದ ಮಧ್ಯಾಹ್ನ ಇಪ್ಪತ್ತು ಮೈಲಿ ಹೋಗಿಬಂದವರ ಸಂಖ್ಯೆ ಸಣ್ಣದಿರಲಾರದು.

ತೂತೇ ಬೇಡವೆನ್ನುವವರಿಗೆ ಅಂಟುಪಟ್ಟಿ ಇದೆ. ಕಮಾಂಡ್ ಎಂಬ ಹೆಸರಿನಲ್ಲಿ ಸಿಗುವ ಪಟ್ಟಿಯ ಜೊತೆಗಿರುವ ಚೀಟಿಯನ್ನು ಓದಿ ನೋಡಿ, ಒಳ್ಳೆಯ ಹಾಸ್ಯ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮೂವತ್ತು ಸೆಕೆಂಡು ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಭಾರ ಹಾಕಿ ಎನ್ನುವವರೆಗೆ ಸರಿ. ಆಮೇಲೆ ಬರುತ್ತವೆ ನಿಷೇಧಗಳು. ವಾಲ್‌ಪೇಪರ್ ಮೇಲೆ ಬೇಡ: ಟ್ರೇಲರಿನ ಗೋಡೆ ಪೂರ್ತಿ ವಿನೈಲ್ ಪೊರೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಗೆ ಬೇಡ: ಮುಚ್ಚಿದ ಟ್ರೇಲರಿಗೆ ಬೇಸಿಗೆಯಲ್ಲಿ ಅದು ಬೆಳಗಿನ ತಿಂಡಿಯ ಹೊತ್ತಿನ ತಾಪ. ಹಾಸಿಗೆಯ ಮೇಲ್ಗಡೆ ತೂಗುಹಾಕಬೇಡಿ: ಊಟದ ಮೇಜು ಬಗ್ಗಿಸಿದರೆ ಹಾಸಿಗೆ, ಸೋಫಾ ಎಳೆದರೆ ಹಾಸಿಗೆ, ಹಾಸಿಗೆಯ ಮೇಲ್ಗಡೆಯಲ್ಲದ ಜಾಗವೆಂದರೆ ಶೌಚಾಲಯವೊಂದೇ. ಆದರೂ ಜನ ಅಂಟಿಸುತ್ತಾರೆ, ಹಗುರದ ಸಾಮಾನಾದರೆ ಕೆಲವು ತಿಂಗಳು ನಿಲ್ಲುತ್ತದೆ. ಗಾಜಿನ ಚೌಕಟ್ಟು ಮಾತ್ರ ಬೇಡ. ಬಟ್ಟೆಯ ಮೇಲೆ ಮುದ್ರಿಸಿದ ಚಿತ್ರ, ಬುಟ್ಟಿ, ಚನ್ನಪಟ್ಟಣದ ಮರದ ಗೊಂಬೆ, ಇಂಥವು ಬಿದ್ದರೂ ಎದ್ದು ಕೂರುತ್ತವೆ. ಗಣಪನನ್ನು ಎತ್ತರದ ಶೆಲ್ಫಿನಿಂದ ಇಳಿಸಿ ಮೂಲೆಯ ತಗ್ಗಿನಲ್ಲಿ ಕೂರಿಸಿ, ಪೀಠದ ಅಡಿಗೆ ಮ್ಯೂಸಿಯಂ ಪುಟ್ಟಿ ಎಂಬ ಅಂಟುಮೇಣವನ್ನು ಗೋಲಿಯಷ್ಟು ಒತ್ತಿ. ಗಾಲಿಯ ಅಚ್ಚಿನಿಂದ ಹಿಂದಕ್ಕೆ ಹೋದಷ್ಟೂ ಕುಲುಕಾಟ ಜಾಸ್ತಿ; ದೇವರಿಗೂ ಮುಂದಿನ ಸೀಟೇ ಒಳ್ಳೆಯದು.

ಏರ್‌ಸ್ಟ್ರೀಮ್ ಎಂಬ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಟ್ರೇಲರ್ ಕೊಂಡವರು ಇದನ್ನು ಓದಿ ನಗುವುದು ಬೇಡ. ಅದರ ಒಳಗೋಡೆ ಅಲ್ಯೂಮಿನಿಯಂ, ಮೇಲಕ್ಕೆ ಹೋದಂತೆ ಬಾಗುತ್ತದೆ. ಚಪ್ಪಟೆ ಚೌಕಟ್ಟನ್ನು ಬಾಗಿದ ಕಡೆ ಎಲ್ಲಿ ಇಟ್ಟರೂ ಮೈಗೆ ಹತ್ತದ ಅಂಗಿ. ಲೋಹದ ಗೋಡೆ ತಾನೇ ಎಂದು ಊರೂರಿನಿಂದ ತಂದ ಅಯಸ್ಕಾಂತದ ಬಿಲ್ಲೆಗಳನ್ನು ಹಚ್ಚಲು ಹೋದರೆ ಒಂದೊಂದೂ ಜಾರಿ ನೆಲ ಸೇರುತ್ತದೆ.

ಬಣ್ಣದ ಕೆಲಸದಲ್ಲಿ ಎಡವುವುದು ಆತುರದಿಂದ. ವಿನೈಲ್ ಪೊರೆಯ ಮೇಲೆ ಗೋಡೆಬಣ್ಣವನ್ನು ನೇರವಾಗಿ ಬಳಿದರೆ ಒಣಗಿದ ಮೇಲೆ ಉಗುರಿನಲ್ಲಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಬಹುದು. ಜಿಡ್ಡು ತೆಗೆಯುವ ದ್ರಾವಣದಿಂದ ತೊಳೆದು, 220 ನಂಬರಿನ ಮರಳುಕಾಗದದಿಂದ ಹೊಳಪು ಹೋಗುವಷ್ಟೇ ಉಜ್ಜಿ. ಹೆಚ್ಚು ಉಜ್ಜಿದರೆ ಪೊರೆ ಹರಿದು ಕೆಳಗಿನ ಕಂದು ಮರ ಇಣುಕುತ್ತದೆ. ಧೂಳು ಒರೆಸಿ ಬಣ್ಣ ಕಚ್ಚಿಕೊಳ್ಳಲೆಂದು ಮೊದಲು ಬಳಿಯುವ ಬಾಂಡಿಂಗ್ ಪ್ರೈಮರ್ ಒಂದು ಕೈ, ಅದು ಪೂರ್ತಿ ಒಣಗಿದ ಮೇಲೆ ಎರಡು ಕೈ ಬಣ್ಣ. ಮುಟ್ಟಿದರೆ ಅಂಟದಿರುವುದು ಬೇರೆ, ಗಟ್ಟಿಯಾಗುವುದು ಬೇರೆ. ಕಪಾಟಿನ ಬಾಗಿಲುಗಳಿಗೆ ಎರಡು ಮೂರು ವಾರವಾದರೂ ಬೇಕು. ಮಾರನೆಯ ದಿನವೇ ಬಾಗಿಲು ಮುಚ್ಚಿ ಹೊರಟರೆ ಬಾಗಿಲೂ ಚೌಕಟ್ಟೂ ಒಂದಾಗಿ, ಸಕ್ಕರೆ ಡಬ್ಬಿ ತೆಗೆಯಲು ಚಾಕು ಬೇಕಾಗುತ್ತದೆ. ಇನ್ನೊಂದು ಮಾತು, ನೆಲದ ಹತ್ತಿರ ಗೋಡೆಯಲ್ಲಿ ಪುಟ್ಟದೊಂದು ಪೆಟ್ಟಿಗೆ ಇರುತ್ತದೆ, ಅಡುಗೆ ಅನಿಲದ ಸೋರಿಕೆ ಹಿಡಿಯುವುದು. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಅದನ್ನು ಕೆಳಗೇ ಇಟ್ಟಿರುತ್ತಾರೆ. ಸ್ಪ್ರೇ ಬಣ್ಣದ ಆವಿಗೂ ಅದು ಕೂಗುತ್ತದೆ. ರೇಜಿಗೆಯೆಂದು ಅದರ ಮೇಲೆ ದಿಂಬು ಒತ್ತುವ, ಮುಂದೆ ಬೆತ್ತದ ಬುಟ್ಟಿ ಇಟ್ಟು ಅಂದ ಮಾಡುವ ಜಾಣತನ ಬೇಡ. ಬಾಗಿಲು ಕಿಟಕಿ ತೆರೆದು ಬಣ್ಣ ಹಚ್ಚಿ. ಹೀಟರಿನ ಗಾಳಿಜಾಲರಿಗೂ ಪೆಟ್ಟಿಗೆ, ರತ್ನಗಂಬಳಿ ಅಡ್ಡ ಬರಬಾರದು.

ಎಲ್ಲಕ್ಕಿಂತ ದುಬಾರಿ ನಗು ಸ್ಲೈಡ್‌ಔಟಿನದು. ನಿಂತಾಗ ಗುಂಡಿ ಒತ್ತಿದರೆ ಸೋಫಾ ಸಮೇತ ಕೋಣೆಯ ಒಂದು ಭಾಗ ಹೊರಕ್ಕೆ ಸರಿಯುತ್ತದೆ, ಹೊರಡುವಾಗ ಒಳಕ್ಕೆ. ಅಲಂಕರಿಸುವವರು ಅದು ಹೊರಗಿರುವಾಗಲೇ ಅಲಂಕರಿಸುತ್ತಾರೆ, ಆಗಲೇ ತಾನೆ ಜಾಗ ಕಾಣುವುದು. ಎದುರಿನ ಕಪಾಟಿಗೆ ದಪ್ಪನೆಯ ಹಿತ್ತಾಳೆ ಹಿಡಿಗಳನ್ನು ಕೂರಿಸಿ, ಸಂಜೆಯ ಬೆಳಕಿನಲ್ಲಿ ಫೋಟೋ ಹಿಡಿದು, ಬೆಳಿಗ್ಗೆ ಗುಂಡಿ ಒತ್ತಿದರೆ ಸೋಫಾದ ಬೆನ್ನಿಗೂ ಹಿಡಿಗೂ ಮುಖಾಮುಖಿ. ಮೋಟಾರಿಗೆ ಸೌಂದರ್ಯಪ್ರಜ್ಞೆ ಇಲ್ಲ, ತಳ್ಳುತ್ತಲೇ ಇರುತ್ತದೆ. ಕಪಾಟಿನ ಮುಖಚೌಕಟ್ಟನ್ನು ಹಿಡಿದಿರುವುದು ಸ್ಟೇಪಲ್ ಪಿನ್ನುಗಳು. ಯಾರು ಸೋಲುತ್ತಾರೆಂದು ಹೇಳಬೇಕಿಲ್ಲ. ಹಿಡಿ ಕೊಳ್ಳುವ ಮುನ್ನ ಸ್ಲೈಡನ್ನು ಪೂರ್ತಿ ಒಳಗೆ ತಂದು, ಉಳಿದ ಸಂದಿಯನ್ನು ಅಳೆಯಿರಿ. ಹಳೆಯ ತೂತುಗಳ ನಡುವಿನ ಅಂತರವನ್ನೂ ಅಳೆಯಿರಿ: 3 ಇಂಚು ಅಂದರೆ 76 ಮಿಲಿಮೀಟರ್, ಅಂಗಡಿಯಲ್ಲಿ ಕಣ್ಣಿಗೆ ಹಿಡಿಸುವ ಹಿಡಿ ಯಾವಾಗಲೂ 96ರದ್ದೇ ಆಗಿರುತ್ತದೆ.

ನೆಲಕ್ಕೂ ಇದೇ ಕಥೆ. ವಿನೈಲ್ ಹಲಗೆ 5 ಮಿಲಿಮೀಟರ್ ತಾನೇ ಅನ್ನಿಸುತ್ತದೆ. ಸ್ಲೈಡಿನ ಅಡಿಯ ಉರುಳೆಗೆ ಆ 5 ಮಿಲಿಮೀಟರೇ ಒಂದು ದಿಬ್ಬ. ಹೊಸ ನೆಲವನ್ನು ನೇಗಿಲಿನಂತೆ ಉತ್ತುಕೊಂಡು ಒಳಗೆ ಬರುತ್ತದೆ. ಮೊದಲು ಅದೇ ದಪ್ಪದ ರಟ್ಟಿನ ಚೂರುಗಳನ್ನು ಸ್ಲೈಡಿನ ದಾರಿಯಲ್ಲಿಟ್ಟು, ಒಬ್ಬರು ಗುಂಡಿಯ ಬಳಿ, ಒಬ್ಬರು ನೆಲಕ್ಕೆ ಕೆನ್ನೆ ಹಚ್ಚಿ ನೋಡಬೇಕು. ಕೆನ್ನೆ ಹಚ್ಚಿದವರು ‘ನಿಲ್ಲಿಸು’ ಎಂದ ಮೇಲೆ ಗುಂಡಿಯವರು ‘ಏನು?’ ಎಂದು ಕೇಳದಿರುವುದು ಮುಖ್ಯ. ಒಂದಕ್ಕೊಂದು ಸಿಕ್ಕಿಸುವ ಹಲಗೆಗಳಾದರೆ ಸುತ್ತ ಕಾಲು ಇಂಚು ಸಂದಿ ಬಿಡಿ. ಬಿಡದಿದ್ದರೆ ಬೇಸಿಗೆಯಲ್ಲಿ ಹಿಗ್ಗಿ ಹಪ್ಪಳದಂತೆ ಉಬ್ಬುತ್ತವೆ, ಚಳಿಯಲ್ಲಿ ಕುಗ್ಗಿ ಬೆಸುಗೆ ಬಿಡುತ್ತವೆ. ಹಿಮ ಬೀಳುವ ಊರಿನಲ್ಲಿ ಟ್ರೇಲರ್ ನಿಲ್ಲಿಸುವವರಿಗೆ ಅಖಂಡ ವಿನೈಲ್ ಹಾಳೆಯೇ ವಾಸಿ; ಅಂದ ಒಂದು ಗುಲಗಂಜಿ ಕಡಿಮೆ, ನಿದ್ದೆ ಹೆಚ್ಚು.

ಅಂದದ ಆಸೆಗೆ ಕೊನೆಯ ಅಂಕುಶ ಬಾಗಿಲ ಬಳಿಯ ಹಳದಿ ಚೀಟಿ. ಸರಕಿನ ತೂಕ ಇಷ್ಟು ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. 1,200 ಪೌಂಡ್ ಎಂದಿದೆ ಅನ್ನಿ. ತುಂಬಿದ ನೀರೂ ಸರಕೇ ಎಂದು ಅದೇ ಚೀಟಿ ಎಚ್ಚರಿಸುತ್ತದೆ. ಗ್ಯಾಲನ್ನಿಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕಿಗೆ 330 ದಾಟಿತು. ವಿನೈಲ್ ಹಲಗೆ ಚದರಡಿಗೆ ಒಂದೂವರೆಯಿಂದ ಎರಡು ಪೌಂಡ್, 100 ಚದರಡಿಗೆ 150ರಿಂದ 200. ಅಡುಗೆಮನೆಗೆ ಪಿಂಗಾಣಿ ಬಿಲ್ಲೆ ಎಂದರೆ ಚದರಡಿಗೆ ನಾಲ್ಕೈದು ಪೌಂಡ್, ಮೇಲಾಗಿ ಮೊದಲ ಹೊಂಡಕ್ಕೇ ಸಂದುಗಳು ಬಿರುಕು. ಇನ್ನು ರುಬ್ಬುಗಲ್ಲಿನ ಗ್ರೈಂಡರ್ ಬೇಕೇ ಬೇಕು ಎನ್ನುವ ಮನೆಯಾದರೆ ಮೇಜಿನ ಮೇಲಿಡುವ ಚಿಕ್ಕದೇ 25 ಪೌಂಡ್. ಹನಿಗೂಡಿ ಹಳ್ಳ ಎಂಬ ಗಾದೆಯನ್ನು ಟ್ರೇಲರಿನ ಟೈರು ಬಾಯಿಪಾಠ ಮಾಡಿರುತ್ತದೆ. ತೂಕ ಎಲ್ಲಿ ಕೂತಿದೆ ಎಂಬುದೂ ಲೆಕ್ಕ: ಒಟ್ಟು ತೂಕದ ಶೇಕಡಾ 10ರಿಂದ 15 ಮುಂದಿನ ಕೊಂಡಿಯ ಮೇಲೆ ಬರಬೇಕು. ಪುಸ್ತಕದ ಕಪಾಟನ್ನು ಹಿಂಗೋಡೆಗೆ ಕಟ್ಟಿದರೆ ಕೊಂಡಿ ಹಗುರಾಗಿ, ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಬೀಸಲು ಶುರುಮಾಡುತ್ತದೆ. ಅದರಲ್ಲಿ ತಮಾಷೆ ಏನೂ ಇಲ್ಲ.

ಅದಕ್ಕೇ ಬಟ್ಟೆ ಇಲ್ಲಿನ ರಾಜ. ಕಿಟಕಿಗಳು ಸಣ್ಣವು, ಒಂದು ಹಳೆಯ ಸೀರೆಯಲ್ಲಿ ಮೂರು ನಾಲ್ಕು ಕಿಟಕಿಗೆ ಸೆರಗು ಅಂಚು ಎಲ್ಲ ಸಮೇತ ಪರದೆ ಆಗುತ್ತದೆ. ಹಿಂದೆ ಅಸ್ತರಿ ಹೊಲಿಯಿರಿ, ಇಲ್ಲದಿದ್ದರೆ ಬಿಸಿಲಿಗೆ ಬಣ್ಣ ಬಿಡುತ್ತದೆ. ಮೇಲೊಂದು ಕೆಳಗೊಂದು ಸರಳು ಹಾಕದಿದ್ದರೆ ಪರದೆ ದಾರಿಯುದ್ದಕ್ಕೂ ಗೋಡೆ ಒರೆಸುತ್ತಾ ಬರುತ್ತದೆ. ಒಲೆಯ ಪಕ್ಕದ ಕಿಟಕಿಗೆ ಬಟ್ಟೆಯೇ ಬೇಡ. ಕೆಂಪು ಹಿಡಿಯಿರುವ ಕಿಟಕಿ ಬೆಂಕಿ ಬಿದ್ದಾಗ ಹಾರುವ ದಾರಿ, ಅದರ ಮೇಲೆ ಏನನ್ನೂ ಹೊಲಿದು ಬಿಗಿಯಬೇಡಿ. ಒಲೆಯ ಮಾತು ಬಂತಲ್ಲ: ಒಗ್ಗರಣೆ ಸಿಡಿದ ಕೂಡಲೇ ಹೊಗೆಯ ಅಲಾರಂ ಅರಚಿದರೆ ಇಂಗು ಸಾಸಿವೆಯನ್ನು ಬೈಯಬೇಡಿ. ಚಿಮಣಿಯ ಹೊರಮುಚ್ಚಳವನ್ನು ಪ್ರಯಾಣಕ್ಕೆಂದು ಹೊರಗಿನಿಂದ ಕ್ಲಿಪ್ ಹಾಕಿರುತ್ತಾರೆ. ಅದನ್ನು ಬಿಡಿಸದಿದ್ದರೆ ಫ್ಯಾನು ಎಷ್ಟು ತಿರುಗಿದರೂ ಹೊಗೆ ಮನೆಯವರ ಜೊತೆಗೇ ಇರುತ್ತದೆ. ತೋರಣದ ವಿಷಯದಲ್ಲಿ, ಹೊರಬಾಗಿಲಿನ ಹಿಂದೆ ಸೊಳ್ಳೆ ಜಾಲರಿಯ ಇನ್ನೊಂದು ಬಾಗಿಲಿದೆ, ಜೋತುಬಿದ್ದ ಎಲೆಗಳು ಅದರ ಚಿಲಕಕ್ಕೆ ಸಿಕ್ಕಿಕೊಳ್ಳುತ್ತವೆ. ಎರಡು ಇಂಚಿಗಿಂತ ಇಳಿಯದ ಬಟ್ಟೆಯ ತೋರಣ ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಟ್ರೇಲರ್ ನೋಡಿಯೇ ಅಂದಿರಬೇಕು. ಮನೆಯ ಕ್ವೀನ್ ಹಾಸಿಗೆ 60ಕ್ಕೆ 80 ಇಂಚು. ಟ್ರೇಲರಿನದು ಬಹಳ ಕಡೆ 60ಕ್ಕೆ 74 ಅಥವಾ 75. ಚೆಂದದ ಹೊದಿಕೆ ತಂದು ಹಾಸಿದರೆ ಕಾಲ್ದೆಸೆಯಲ್ಲಿ ಅರ್ಧ ಅಡಿ ನೆರಿಗೆ. ‘ಶಾರ್ಟ್ ಕ್ವೀನ್’ ಎಂದೇ ಕೇಳಿ ತನ್ನಿ, ಅದಕ್ಕೂ ಮೊದಲು ಅಳೆದು ನೋಡಿ. ದೀಪದ ಬಲ್ಬು ಬದಲಿಸುವುದಾದರೆ 12 ವೋಲ್ಟಿನದು ಬೇಕು, 10ರಿಂದ 30 ವೋಲ್ಟ್ ತಾಳುವ ಎಲ್‌ಇಡಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಬ್ಯಾಟರಿ ಚಾರ್ಜ್ ಆಗುವಾಗ ತಂತಿಯಲ್ಲಿ 14ಕ್ಕೂ ಮಿಕ್ಕಿ ಬರುತ್ತದೆ, ಅಗ್ಗದವು ಅದಕ್ಕೇ ಕಣ್ಣು ಮುಚ್ಚುತ್ತವೆ. ಹಾಕಿದ ಬಲ್ಬು ಉರಿಯದಿದ್ದರೆ ಎಸೆಯುವ ಮುನ್ನ ತಿರುವಿ ಹಾಕಿ ನೋಡಿ.

ಎಲ್ಲ ಮುಗಿದ ಮೇಲೆ ಅತಿಥಿಗಳನ್ನು ಕರೆಯುವ ಮೊದಲು ಹತ್ತು ಹದಿನೈದು ಮೈಲಿ ಹದಗೆಟ್ಟ ರಸ್ತೆಯಲ್ಲಿ ಒಂದು ಸುತ್ತು ಎಳೆದು ಬನ್ನಿ. ಬಂದವರೇ ಬಾಗಿಲನ್ನು ಗೇಣಗಲ ಮಾತ್ರ ತೆಗೆದು ಕಿವಿಗೊಡಿ. ಒಳಗೆ ಏನೋ ಉರುಳುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಮೇಲಿನ ಕಪಾಟುಗಳನ್ನು ಒಂದು ಅಂಗೈ ಅಡ್ಡವಿಟ್ಟು ತೆಗೆಯಿರಿ. ಫ್ರಿಜ್ಜನ್ನು ಕೊನೆಗೆ, ಮೊಸರಿನ ಡಬ್ಬಿ ಯಾವ ತಟ್ಟೆಯಲ್ಲಿತ್ತೆಂದು ನೆನಪು ಮಾಡಿಕೊಂಡ ಮೇಲೆ.