ಬಾಕ್ಸ್ ಅವರದು, ರೌಟರ್ ನಮ್ಮದಿರಲಿ

ಬೆಸ್ಕಾಂನವರು ಕಂಬದಿಂದ ಮೀಟರಿನವರೆಗೆ ವಿದ್ಯುತ್ ತಂದುಕೊಡುತ್ತಾರೆ. ಮೀಟರಿನಿಂದ ಈಚೆಗೆ ಯಾವ ಸ್ವಿಚ್ಚು, ಯಾವ ಫ್ಯಾನು, ಎಲ್ಲೆಲ್ಲಿ ಪ್ಲಗ್ಗು ಎಂಬುದನ್ನು ಮನೆಯವರು ತೀರ್ಮಾನಿಸುತ್ತಾರೆ. ಫೈಬರ್ ಇಂಟರ್‌ನೆಟ್ಟಿನಲ್ಲಿ ಆ ಗೆರೆ ಎಲ್ಲಿದೆ ಎಂದು ಕೇಳಿದರೆ ಮಾತ್ರ ಯಾರೂ ನೆಟ್ಟಗೆ ಹೇಳುವುದಿಲ್ಲ. ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಅದನ್ನು ಎಳೆಯುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ನಮ್ಮದು ತಂದೆಯವರ ಕಾಲದ ಮನೆ. ದಪ್ಪ ಕಲ್ಲಿನ ಗೋಡೆ, ಚಪ್ಪಡಿ ಹಾಸಿದ ಸೂರು, ಹಿಂಬದಿಗೆ ಆಮೇಲೆ ನಾನು ಸೇರಿಸಿದ ಎರಡು ಕೋಣೆ. ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ಲೈನ್‌ಮನ್ ಹುಡುಗ ಬೀದಿ ಕಡೆಯ ಕಿಟಕಿಯಿಂದ ಫೈಬರ್ ಒಳತಂದು, ಕೈಗೆ ಸಿಕ್ಕ ಮೊದಲ ಪ್ಲಗ್ಗಿನ ಪಕ್ಕ ಮೊಳೆ ಹೊಡೆದು ಬಾಕ್ಸ್ ನೇತುಹಾಕಿ ಹೋದ. ಬೆಂಗಳೂರಿನ ಕಂಪನಿಯೊಂದರಲ್ಲಿರುವ ನನ್ನ ಸೊಸೆ ವಾರಕ್ಕೆರಡು ದಿನ ರೈಲಿನಲ್ಲಿ ಹೋಗಿಬಂದು, ಉಳಿದ ದಿನಗಳಲ್ಲಿ ಹಿಂದಿನ ಕೋಣೆಯಿಂದಲೇ ಕೆಲಸ ಮಾಡುತ್ತಾಳೆ. 100 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿದ್ದರೂ ಅವಳಿಗೆ ಅಲ್ಲಿ ಆರೇಳು ಸಿಕ್ಕರೆ ಹೆಚ್ಚು. ದೂರು ಕೊಟ್ಟಾಗ ಬಂದವನು ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ಬಾಕ್ಸಿಗೇ ಜೋಡಿಸಿ 94 ತೋರಿಸಿದ. "ನೋಡಿ ಮೇಷ್ಟ್ರೇ, ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. "ನಮ್ಮ ಕಡೆ" ಎಂಬುದು ಆ ಕೇಬಲ್ ಸಿಕ್ಕಿಸುವ ತೂತಿನಲ್ಲಿ ಮುಗಿಯುತ್ತದೆ ಎಂದು ಅವನೇ ಒಪ್ಪಿಕೊಂಡಂತಾಯಿತಲ್ಲ, ಹಾಗಾದರೆ ಅಲ್ಲಿಂದ ಈಚೆಗೆ ನನ್ನ ಇಷ್ಟದಂತೆ ಮಾಡಿಕೊಳ್ಳಲು ಬಿಡಬೇಕು ಎಂಬುದು ನನ್ನ ವಾದ.

ಗೊಂದಲಕ್ಕೆ ಮೂಲವೆಂದರೆ ಆ ಒಂದೇ ಬಾಕ್ಸು ಎರಡು ಕೆಲಸ ಮಾಡುತ್ತದೆ. ಫೈಬರಿನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಒಎನ್‌ಟಿ ಅದರೊಳಗಿದೆ. ಮನೆಯ ಫೋನು, ಟಿವಿಗಳಿಗೆ ಸಂಪರ್ಕ ಹಂಚುವ ರೌಟರೂ ಅದರೊಳಗೇ ಇದೆ. ಮೊದಲನೆಯದನ್ನು ಕಂಪನಿಯವರು ತಮ್ಮ ಕೈಯಲ್ಲಿಟ್ಟುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ನಾವು ಬಳಸುವ ಜಿಪಾನ್ ಪದ್ಧತಿಯಲ್ಲಿ ಒಂದೇ ಫೈಬರನ್ನು ವಿದ್ಯುತ್ತಿಲ್ಲದ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಕವಲೊಡೆಸುತ್ತಾರೆ. ಮನೆಯಿಂದ ಹೊರಗೆ ಹೋಗುವ ಬೆಳಕು ತನ್ನ ಸರದಿ ಬಂದಾಗಲೇ ಮಿನುಗಬೇಕು. ಯಾರೋ ಒಬ್ಬರ ಕೆಟ್ಟ ಒಎನ್‌ಟಿ ಸರದಿ ತಪ್ಪಿ ಮಿನುಗಿದರೆ ಅದೇ ಕವಲಿನ ನೆರೆಹೊರೆಯವರ ಸಂಪರ್ಕವೂ ಕೆಡುತ್ತದೆ. (ಭೌತಶಾಸ್ತ್ರ ಪಾಠ ಮಾಡಿದವನ ಚಪಲಕ್ಕೆ ಒಂದು ಮಾತು: ಒಳಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ಹೊರಹೋಗುವುದರದು 1310, ಎರಡೂ ಕಣ್ಣಿಗೆ ಕಾಣುವುದಿಲ್ಲ. ಲೈಟ್ ಬರುತ್ತಿದೆಯೇ ಎಂದು ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ.)

ಎರಡನೆಯದು, ಅಂದರೆ ರೌಟರಿನ ಕೆಲಸ, ಪೂರ್ತಿಯಾಗಿ ಮನೆಯೊಳಗಿನದು. ಮೊದಮೊದಲು ನಾನು ಯಾರನ್ನೂ ಕೇಳದೆ 2,500 ರೂಪಾಯಿಯ ರೌಟರೊಂದನ್ನು ತಂದು, ಬಾಕ್ಸಿನಿಂದ ನಡುಮನೆಯವರೆಗೆ ಕೇಬಲ್ ಎಳೆದು ಅಲ್ಲಿಟ್ಟೆ. ಹಿಂದಿನ ಕೋಣೆಯಲ್ಲಿ ವೇಗ ಅರವತ್ತು ದಾಟಿತು. ನಿಜ ಹೇಳಬೇಕೆಂದರೆ ಅದರಲ್ಲಿ ದೊಡ್ಡ ಪಾಲು ರೌಟರಿನದಲ್ಲ, ಅದನ್ನು ಇಟ್ಟ ಜಾಗದ್ದು. ಹೊಸದರಲ್ಲಿ ವೈಫೈನ 5 ಗಿಗಾಹರ್ಟ್ಸ್ ತರಂಗವಿದ್ದರೂ ಅದು ಕಲ್ಲಿನ ಗೋಡೆಯನ್ನು ಹಳೆಯ 2.4 ಗಿಗಾಹರ್ಟ್ಸ್ ತರಂಗಕ್ಕಿಂತ ಕಷ್ಟಪಟ್ಟು ದಾಟುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರ ಬಾಕ್ಸ್ ಫೈಬರ್ ಮುಗಿದಲ್ಲಿ ಕೂರುತ್ತದೆ, ನನ್ನ ರೌಟರ್ ಜನ ಕೂರುವಲ್ಲಿ ಕೂರುತ್ತದೆ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹೀಗೆ ಜೋಡಿಸಿದಾಗ ಬಾಕ್ಸಿನ ರೌಟರೂ ನನ್ನದೂ ಒಂದರ ಬೆನ್ನಿಗೊಂದು ಕೆಲಸ ಮಾಡುತ್ತಿರುತ್ತವೆ, ಮನೆಗೆ ಎರಡು ಬಾಗಿಲು, ಎರಡು ಚಿಲಕ ಇದ್ದ ಹಾಗೆ. ಜೊತೆಗೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಾಕ್ಸ್ ತನ್ನಷ್ಟಕ್ಕೆ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳಿತ್ತು. ನಾನು ಇಟ್ಟಿದ್ದ ಪಾಸ್‌ವರ್ಡ್ ಹೋಗಿತ್ತು, ಆರಿಸಿಟ್ಟಿದ್ದ ಅದರ ವೈಫೈ ತಾನೇ ಮತ್ತೆ ಹೊತ್ತಿಕೊಂಡಿತ್ತು. ಟಿಆರ್-069 ಎಂಬ ವ್ಯವಸ್ಥೆಯ ಮೂಲಕ ಕಂಪನಿಯವರು ದೂರದಿಂದಲೇ ಇಂಥ ಬಾಕ್ಸಿನ ಸೆಟ್ಟಿಂಗ್ ಬದಲಿಸಬಲ್ಲರು. ಗೊತ್ತಿಲ್ಲದವರಿಗೆ ಅದರಿಂದ ಅನುಕೂಲವೇ ಹೆಚ್ಚು. ಗೊತ್ತಿದ್ದು ಬೇಡವೆನ್ನುವವರಿಗೂ ಬೇರೆ ದಾರಿ ಕೊಡದಿರುವುದು ನನಗೆ ಒಪ್ಪಿಗೆಯಿಲ್ಲ.

ಆ ದಾರಿಯ ಹೆಸರು ಬ್ರಿಡ್ಜ್ ಮೋಡ್. ಬಾಕ್ಸ್ ಬೆಳಕನ್ನು ಬದಲಿಸುವಷ್ಟು ಮಾಡಿ ಸುಮ್ಮನಾಗುತ್ತದೆ, ಲಾಗಿನ್ ಆಗುವುದು ನಮ್ಮ ರೌಟರ್. ನನ್ನಂತೆ ಪಿಪಿಪಿಒಇ ಸಂಪರ್ಕ, ಅಂದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬಗೆಯದು, ಇದ್ದವರಿಗೆ ಬೇಕಾದದ್ದು ಮೂರೇ: ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲದೊಳಗೆ ನಮ್ಮ ಇಂಟರ್‌ನೆಟ್ ಹರಿಯುವ ಓಣಿಯ ನಂಬರು ಎನ್ನಿ). ಇವಿಷ್ಟಕ್ಕಾಗಿ ಗ್ರಾಹಕ ಸೇವೆಗೆ ಮಾಡಿದ ಕರೆಗಳಲ್ಲಿ ಒಬ್ಬರು ಆಗುವುದೇ ಇಲ್ಲ ಎಂದರು, ಇನ್ನೊಬ್ಬರು ಬಾಕ್ಸನ್ನು ಆರಿಸಿ ಹಾಕಿ ಎಂದರು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕರು ತಮ್ಮದೇ ರೌಟರ್ ಬಳಸುವ ಹಕ್ಕು ಕಾನೂನಿನಲ್ಲಿದೆ. ಲಾಗಿನ್ ವಿವರಗಳನ್ನು ಒಪ್ಪಂದದ ಹೊತ್ತಿಗೇ, ಕೇಳದಿದ್ದರೂ, ಉಚಿತವಾಗಿ ಬರಹದಲ್ಲಿ ಕೊಡಬೇಕು. ಕಾನೂನು ಬರುವವರೆಗೆ ಕಾಯದೆ ಇಲ್ಲಿನ ಕಂಪನಿಗಳೂ ರಸೀತಿಯ ಹಿಂಬದಿಯಲ್ಲಿ ಮೂರು ಸಾಲು ಬರೆದುಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ.

ಲೈನ್‌ಮನ್ ಹುಡುಗನ ಅಂಜಿಕೆಯಲ್ಲಿ ಮಾತ್ರ ಹುರುಳಿದೆ. "ಆಮೇಲೆ ನೆಟ್ ಬರ್ಲಿಲ್ಲ ಅಂತ ನನಗೇ ಫೋನ್ ಮಾಡ್ತೀರಾ ಮೇಷ್ಟ್ರೇ" ಎಂದ. ಮಾಡಬಾರದು. ಬಾಕ್ಸಿನಲ್ಲಿ ಕೆಂಪು ದೀಪ ಉರಿದರೆ ಅವನಿಗೆ ಫೋನು, ಇಲ್ಲದಿದ್ದರೆ ಮೊದಲು ನನ್ನ ರೌಟರನ್ನೇ ನೋಡಿಕೊಳ್ಳಬೇಕು. ಅದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ ಹೊಣೆಯೂ ನನ್ನದೇ. ಕರೆಂಟ್ ಹೋದಾಗ ಮೊದಲು ಒಂದಕ್ಕೆ ಯುಪಿಎಸ್ ಇದ್ದರೆ ಸಾಕಿತ್ತು, ಈಗ ಎರಡಕ್ಕೆ ಬೇಕು. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ತೆರೆಯಬೇಕೆಂಬ ಆಸೆಯಿಂದ ಇದಕ್ಕೆ ಕೈಹಾಕುವವರು ಇನ್ನೊಂದನ್ನು ಗಮನಿಸಬೇಕು: ಕಂಪನಿಯೇ ಅನೇಕ ಮನೆಗಳಿಗೆ ಸೇರಿಸಿ ಒಂದು ಐಪಿ ವಿಳಾಸ ಕೊಟ್ಟಿದ್ದರೆ, ಅಂದರೆ ರೌಟರಿಗೆ ಸಿಕ್ಕ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ, ಎಂಥ ರೌಟರ್ ತಂದರೂ ಅದು ನಡೆಯುವುದಿಲ್ಲ. ಬಾಕ್ಸಿಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿರುವವರು ಅದು ಮುಂದೆಯೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಲಿ. ಕೊಳ್ಳುವಾಗ ಆ್ಯಂಟೆನಾ ಎಣಿಸುವ ಬದಲು ಕೇಬಲ್ ತೂತುಗಳು ಗಿಗಾಬಿಟ್‌ನವೇ ಎಂದು ನೋಡಿ. 100ರ ತೂತಿನಲ್ಲಿ 200ರ ಪ್ಲಾನ್ ತೂರುವುದಿಲ್ಲ.

ಕೊನೆಗೆ ಕೆಲಸ ಆದದ್ದು ಗ್ರಾಹಕ ಸೇವೆಯಿಂದಲ್ಲ. ಅದೇ ಹುಡುಗ ಒಂದು ಭಾನುವಾರ ಬಂದು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಾ ಹತ್ತು ನಿಮಿಷದಲ್ಲಿ ಬ್ರಿಡ್ಜ್ ಮಾಡಿ, ಕಾಫಿ ಕುಡಿದು ಹೋದ. ಅವನು ಬರೆದುಕೊಟ್ಟ ಚೀಟಿಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿದ್ದೇನೆ.